ಚೀಲ ಹೊತ್ತವನು ಜೈಲಿಗೆ, ಬಾಡು ತಿಂದವನು ಮನೆಗೆ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಕೂಡು ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳನ್ನು ಕುರಿತು ಮಾತನಾಡುವುದು ನಮ್ಮ ಸಭೆಗಳ ರೂಢಿ. ಈ ದಿನ ಕಾಡುಪ್ರಾಣಿಗಳ ಮಾಂಸದ ಕಳ್ಳ ವ್ಯಾಪಾರವನ್ನು ಕುರಿತು ಮಾತನಾಡುತ್ತೇನೆಂದು ಕರಪತ್ರದಲ್ಲಿ ಅಚ್ಚಾದಾಗ ನಮ್ಮವರೇ ಕೆಲವರು ನಕ್ಕರು. "ಮೇಷ್ಟ್ರಿಗೆ ಜಿಂಕೆಯ ಚಿಂತೆ ಯಾವಾಗ ಹತ್ತಿತು?" ಎಂದು ಒಬ್ಬರು ಕೇಳಿದರು. ಅವರಿಗೆ ಉತ್ತರ ಹೇಳುವುದಕ್ಕೆ ಮೊದಲು ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಸಂಘದ ಕಚೇರಿಗೆ ಒಬ್ಬ ತಾಯಿ ಬಂದರು. ಕಾಡಿನ ಅಂಚಿನ ಹಳ್ಳಿಯೊಂದರಲ್ಲಿ ನಾನು ಮೇಷ್ಟ್ರಾಗಿದ್ದಾಗ ಆಕೆಯ ಮಗ ನನ್ನ ಕೈಯಲ್ಲಿ ಮಗ್ಗಿ ಕಲಿತವನು. ಈಗ ಇಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ಗಿರಣಿಯಲ್ಲಿ ಕೆಲಸವಿಲ್ಲದ ವಾರ ಯಾರೋ ಒಬ್ಬರು ಅವನ ಕೈಗೆ ಒಂದು ಚೀಲವನ್ನೂ ಐನೂರು ರೂಪಾಯಿಯನ್ನೂ ಕೊಟ್ಟು, ಇಂಥ ಕಡೆಗೆ ತಲುಪಿಸಿ ಬಾ ಎಂದರು. ದಾರಿಯಲ್ಲಿ ಅರಣ್ಯ ಇಲಾಖೆಯವರು ಹಿಡಿದರು. ಚೀಲದಲ್ಲಿದ್ದುದು ಕಾಡುಕೋಣದ ಮಾಂಸ. ಹುಡುಗ ಜೈಲಿನಲ್ಲಿದ್ದಾನೆ. ಬೈಕು ಜಫ್ತಿಯಾಗಿದೆ. ಅದರ ಸಾಲದ ಕಂತು ಇನ್ನೂ ಬಾಕಿ ಇದೆ.

"ಮೇಷ್ಟ್ರೇ, ನನ್ನ ಮಗ ಬಂದೂಕು ಹಿಡಿದವನಲ್ಲ. ಒಂದು ತುಂಡು ಬಾಡನ್ನೂ ಮನೆಗೆ ತಂದವನಲ್ಲ. ಹೊಡೆದವರು ಎಲ್ಲಿ, ತಿನ್ನುವವರು ಎಲ್ಲಿ, ನನ್ನ ಮಗನೇ ಯಾಕೆ?" ಎಂದು ಆಕೆ ಕೇಳಿದರು. ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡು ವಕೀಲರ ಬಳಿ ಹೋದೆ, ಕಾಯಿದೆಯ ಪುಸ್ತಕ ಓದಿದೆ, ಕೋರ್ಟಿನಲ್ಲಿ ಕುಳಿತು ನೋಡಿದೆ. ಅಲ್ಲಿ ತಿಳಿದುಕೊಂಡದ್ದನ್ನು ನಿಮಗೆ ಒಪ್ಪಿಸುವುದಕ್ಕಾಗಿ ಇಲ್ಲಿ ನಿಂತಿದ್ದೇನೆ.

ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಳ್ಳಿಯಲ್ಲಿದ್ದಾಗ ಒಂದು ಜಾತ್ರೆಯ ಮಾರನೆಯ ದಿನ ನನ್ನ ಎಲೆಗೆ ಕಾಡುಹಂದಿಯ ಬಾಡು ಬಿತ್ತು. ಅದೇನೆಂದು ಗೊತ್ತಿದ್ದೂ ಉಂಡೆ. ಮೇಷ್ಟ್ರೇ ಉಂಡ ಮೇಲೆ ಮಕ್ಕಳಿಗೆ ಅದು ತಪ್ಪೆಂದು ಹೇಳುವವರು ಯಾರು? ಆ ಪಂಕ್ತಿಯಲ್ಲಿ ಈ ಹುಡುಗನೂ ಕುಳಿತಿದ್ದ. ಆದುದರಿಂದ ನಾನು ಎತ್ತರದಲ್ಲಿ ನಿಂತು ನಿಮಗೆ ಬುದ್ಧಿ ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು.

ಈಗ ಕಾಯಿದೆಯ ಮಾತಿಗೆ ಬರೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಪ್ರಾಣಿಗಳನ್ನು ಪಟ್ಟಿಗಳಲ್ಲಿ ಹಂಚಿ, ಪಟ್ಟಿಯಲ್ಲಿರುವವುಗಳ ಬೇಟೆಯನ್ನು ಅದರ 9ನೆಯ ಕಲಂ ನಿಷೇಧಿಸುತ್ತದೆ. ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ; ಉರುಳು ಕಟ್ಟುವುದು, ಬಲೆ ಹಾಕುವುದು, ವಿಷ ಇಡುವುದು, ಹೊಡೆಯಲು ಹೋಗಿ ಗುರಿ ತಪ್ಪುವುದು ಕೂಡ ಬೇಟೆಯೇ. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಹೊಸ ಪಟ್ಟಿಗಳು ಜಾರಿಗೆ ಬಂದಿವೆ. ಕಾಡುಕೋಣ, ಚಿಪ್ಪುಹಂದಿ, ಉಡ ಇವು ಒಂದನೆಯ ಪಟ್ಟಿಯಲ್ಲಿವೆ. ಕಾಡುಹಂದಿ ಎರಡನೆಯದರಲ್ಲಿದೆ. ಎರಡನೆಯ ಪಟ್ಟಿ ಎಂದರೆ ಹೊಡೆಯಬಹುದಾದದ್ದು ಎಂದು ಅರ್ಥವಲ್ಲ. ಶಿಕ್ಷೆಯಲ್ಲಿ ಮಾತ್ರ ಹೆಚ್ಚು ಕಡಿಮೆ.

ಶಿಕ್ಷೆ ಎಷ್ಟು? ಒಂದನೆಯ ಪಟ್ಟಿಯ ಪ್ರಾಣಿಯಾಗಲಿ ಅದರ ಮಾಂಸವಾಗಲಿ ಆದಲ್ಲಿ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಸಜೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಬೇಟೆಯಾಡಿದರೂ ಕನಿಷ್ಠ ಮೂರು ವರ್ಷದ ಸಜೆ ಉಂಟು. ಉಳಿದ ಸಾಧಾರಣ ಅಪರಾಧಗಳಿಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡೂ. ನಮ್ಮ ಹುಡುಗ ಐನೂರು ರೂಪಾಯಿಗಾಗಿ ಮೂರು ವರ್ಷವನ್ನು ಪಣಕ್ಕೆ ಇಟ್ಟ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚೀಲ ಕೊಟ್ಟವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಾನು ಹೊರಲಿಲ್ಲ.

ಹೋಟೆಲು ನಡೆಸುವ ಬಂಧುಗಳು ಈ ಮಾತನ್ನು ಗಮನವಿಟ್ಟು ಕೇಳಬೇಕು. ಕಾಯಿದೆಯಲ್ಲಿ ಮಾಂಸವೆಂದರೆ ಹಸಿಯದೂ ಸರಿ, ಬೇಯಿಸಿದ್ದೂ ಸರಿ. 44ನೆಯ ಕಲಂ ಪ್ರಕಾರ ಪರವಾನಗಿಯಿಲ್ಲದೆ ಕಾಡುಪ್ರಾಣಿಯ ಮಾಂಸದ ವ್ಯಾಪಾರ ಮಾಡುವುದೂ ಅದನ್ನು ಊಟದ ಮನೆಯಲ್ಲಿ ಬೇಯಿಸುವುದೂ ಬಡಿಸುವುದೂ ಅಪರಾಧ. ಊಟದ ಮನೆ ಎಂದರೆ ಹೋಟೆಲು ಮಾತ್ರವಲ್ಲ. ಊಟದ ದುಡ್ಡನ್ನು ಬೇರೆ ತೆಗೆದುಕೊಳ್ಳದೆ ವಸತಿಯ ಬಾಡಿಗೆಯಲ್ಲೇ ಸೇರಿಸಿಕೊಂಡರೂ ಅದು ಊಟದ ಮನೆಯೇ ಎಂದು ಕಾಯಿದೆ ಬಿಡಿಸಿ ಹೇಳಿದೆ. ಗುಡ್ಡದ ಮೇಲಿನ ರೆಸಾರ್ಟಿನವರು "ನಾವು ಮಾರಲಿಲ್ಲ, ಅತಿಥಿಗಳಿಗೆ ಸುಮ್ಮನೆ ಬಡಿಸಿದೆವು" ಎಂದರೆ ಆ ನೆಪ ನಡೆಯುವುದಿಲ್ಲ. 39ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯಿದೆಗೆ ವಿರುದ್ಧವಾಗಿ ಕೊಂದ ಪ್ರಾಣಿಯ ಮಾಂಸ ಸರ್ಕಾರದ ಸ್ವತ್ತು ಎನ್ನುತ್ತದೆ. ಅಪ್ಪಣೆಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ದಾನವಾಗಿ ಕೊಡುವಂತೆಯೂ ಇಲ್ಲ. ಕೊಂಡವನೂ ತಪ್ಪಿತಸ್ಥನೇ. ಪ್ರೇರಣೆ ಕೊಟ್ಟವನಿಗೂ ಅದೇ ಶಿಕ್ಷೆ.

ಕಾಯಿದೆ ಇಷ್ಟು ಬಿಗಿಯಾಗಿರುವಲ್ಲಿ ದೊಡ್ಡ ಮನುಷ್ಯರು ಹೇಗೆ ಪಾರಾಗುತ್ತಾರೆ? ನಾನು ಕಂಡುಕೊಂಡ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಹಿಡಿಯುವ ಜಾಗ. ಈ ವ್ಯಾಪಾರದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ನಾಡ ಬಂದೂಕಿನಿಂದ ಹೊಡೆಯುವವನು ಅಥವಾ ಕ್ಲಚ್ ತಂತಿಯ ಉರುಳು ಹಾಕುವವನು ಒಬ್ಬ. ಹೊತ್ತು ಸಾಗಿಸುವವನು ಇನ್ನೊಬ್ಬ. ಫೋನಿನಲ್ಲೇ ಗಿರಾಕಿಯನ್ನು ಗೊತ್ತು ಮಾಡಿ ದುಡ್ಡು ಎಣಿಸುವ ದಲ್ಲಾಳಿ ಮೂರನೆಯವನು. ತರಿಸಿಕೊಂಡು ತಿನ್ನುವವನು ನಾಲ್ಕನೆಯವನು. ಗಸ್ತಿನವರ ಕೈಗೆ ಸಿಕ್ಕುವವರು ರಸ್ತೆಯಲ್ಲಿರುವವರು. ಅಂದರೆ ಎರಡನೆಯವನು, ಒಮ್ಮೊಮ್ಮೆ ಮೊದಲನೆಯವನು. ಚೀಲ ಯಾರಿಗೆ ಹೋಗುತ್ತಿತ್ತು ಎಂದು ಕೇಳಿ, ಫೋನಿನ ಕರೆಗಳನ್ನು ನೋಡಿ, ಹಣ ಬಂದ ಹಾದಿಯನ್ನು ಹಿಡಿದು ಮೇಲಿನ ಮೆಟ್ಟಿಲಿಗೆ ಹತ್ತದಿದ್ದರೆ ಮೊಕದ್ದಮೆ ಅಲ್ಲಿಗೇ ನಿಂತುಹೋಗುತ್ತದೆ. ಮಾರನೆಯ ವಾರ ದಲ್ಲಾಳಿ ಇನ್ನೊಬ್ಬ ಕೆಲಸವಿಲ್ಲದ ಹುಡುಗನನ್ನು ಹುಡುಕುತ್ತಾನೆ. ಇಂಥ ಹುಡುಗರಿಗೆ ನಮ್ಮ ಊರಲ್ಲಿ ಬರವಿಲ್ಲ.

ಎರಡನೆಯದು, ಮಾಂಸದ ಗುರುತು. ತುಂಡು ಮಾಡಿದ ಮೇಲೆ ಯಾವ ಪ್ರಾಣಿಯದೆಂದು ಕಣ್ಣಿನಿಂದ ಹೇಳುವುದು ಕಷ್ಟ. ಚರ್ಮ, ಕೊಂಬು, ಗೊರಸುಗಳನ್ನು ಕಾಡಿನಲ್ಲೇ ಬಿಟ್ಟು ಬರುತ್ತಾರೆ. ಕೋರ್ಟಿನಲ್ಲಿ "ಇದು ಕುರಿಯ ಮಾಂಸ" ಎಂದು ವಾದ ಹೂಡುತ್ತಾರೆ. ಈ ಬಾಗಿಲನ್ನು ವಿಜ್ಞಾನ ಮುಚ್ಚಿದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಸಣ್ಣ ಅಂಗಗಳಿವೆ. ಅವುಗಳಲ್ಲಿರುವ ಡಿಎನ್ಎಯ ಪ್ರತಿಗಳು ಒಂದೊಂದು ಕೋಶದಲ್ಲೂ ನೂರಾರು. ಆದುದರಿಂದ ಕೊಳೆತ ಮಾಂಸದಲ್ಲಿ, ಅನೇಕ ವೇಳೆ ಬೇಯಿಸಿದ ಮಾಂಸದಲ್ಲಿ ಕೂಡ ಅದು ಸ್ವಲ್ಪವಾದರೂ ಉಳಿದಿರುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅಂಥ ಚೂರಿನಿಂದಲೇ ಪ್ರಾಣಿಯ ಜಾತಿಯನ್ನು ಹೇಳುವ ವಿಧಾನವನ್ನು 2003ರಲ್ಲಿ ಪ್ರಕಟಿಸಿದರು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿಯೂ ಇಂಥ ಪರೀಕ್ಷೆ ನಡೆಯುತ್ತದೆ. ಸಾರಿನ ಪಾತ್ರೆಯ ತಳದ ತುಂಡು ಕೂಡ ಸಾಕ್ಷಿ ಹೇಳಬಲ್ಲದು.

ಆದರೆ ಆ ತುಂಡು ಪ್ರಯೋಗಶಾಲೆಯವರೆಗೆ ನೆಟ್ಟಗೆ ಹೋಗಬೇಕಲ್ಲ! ಹಿಡಿದ ಜಾಗದಲ್ಲೇ ಪಂಚರ ಎದುರಿಗೆ ಮಹಜರು ಬರೆಯಬೇಕು, ತೂಕ ಹಾಕಬೇಕು, ಮಾದರಿ ತೆಗೆದು ಕೆಡದಂತೆ ಇಟ್ಟು ಮೊಹರು ಮಾಡಬೇಕು. ಯಾರ ಕೈಯಿಂದ ಯಾರ ಕೈಗೆ ಯಾವ ದಿನ ಹೋಯಿತೆಂದು ದಾಖಲೆ ಇರಬೇಕು. ಉಳಿದ ಮಾಂಸವನ್ನು ನಿಯಮದಂತೆ ವಿಲೇವಾರಿ ಮಾಡಿ ಅದಕ್ಕೂ ಕಾಗದ ಇಡಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೆ, "ಈ ಮೊಹರು ಆ ಮೊಹರಲ್ಲ" ಎಂದು ವಕೀಲರು ಎದ್ದು ನಿಲ್ಲುತ್ತಾರೆ. ವಕೀಲರನ್ನು ಬೈಯಬೇಡಿ, ಅದು ಅವರ ಕೆಲಸ. ಕೊಂಡಿ ಕಳಚದಂತೆ ನೋಡಿಕೊಳ್ಳುವುದು ಇಲಾಖೆಯ ಕೆಲಸ.

ಮೂರನೆಯದು, ಫಿರ್ಯಾದಿನ ಕ್ರಮ. 55ನೆಯ ಕಲಂ ಪ್ರಕಾರ ಈ ಅಪರಾಧಗಳನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಅಧಿಕಾರವುಳ್ಳ ವನ್ಯಜೀವಿ ಅಧಿಕಾರಿಯೇ ಫಿರ್ಯಾದು ಸಲ್ಲಿಸಬೇಕು. ಪೋಲೀಸರ ಚಾರ್ಜ್‌ಷೀಟು ಒಂದೇ ಸಾಲದು. ಹಾಗೆಯೇ ಆರೋಪಿಯ ಹೇಳಿಕೆ. ಪೋಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲವೆಂದು ನಿಮಗೆಲ್ಲ ಗೊತ್ತಿದೆ. ಈ ಕಾಯಿದೆಯ 50ನೆಯ ಕಲಮಿನಲ್ಲಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಾಕ್ಷ್ಯ ಬರೆದುಕೊಳ್ಳಬಹುದು. ಆರೋಪಿಯ ಸಮಕ್ಷಮದಲ್ಲಿ ಬರೆದುಕೊಂಡ ಸಾಕ್ಷ್ಯ ಮುಂದೆ ವಿಚಾರಣೆಯಲ್ಲಿ ಅಂಗೀಕಾರಾರ್ಹ. ಅದಕ್ಕಿಂತ ಕೆಳಗಿನವರು ಅವಸರದಲ್ಲಿ ಬರೆದುಕೊಂಡ ಹೇಳಿಕೆಗೆ ಆ ಬಲವಿಲ್ಲ.

ನಾಲ್ಕನೆಯದು, ಕಾಲ. ಅಧಿಕಾರಿಯ ಫಿರ್ಯಾದಿನ ಮೇಲೆ ನಡೆಯುವ ಇಂಥ ಮೊಕದ್ದಮೆಯಲ್ಲಿ ಆರೋಪ ಹೊರಿಸುವ ಮೊದಲೇ ಒಂದು ಸಲ ಸಾಕ್ಷ್ಯ ಕೊಡಬೇಕು, ಅನಂತರ ಪಾಟೀಸವಾಲಿಗೆ ಮತ್ತೆ ಬರಬೇಕಾಗುತ್ತದೆ. ಪಂಚನಾಗಿ ಸಹಿ ಹಾಕಿದ ಕೂಲಿಗಾರ ದಿನದ ಸಂಬಳ ಬಿಟ್ಟು ಎಷ್ಟು ಸಲ ಬಂದಾನು? ಅಷ್ಟರಲ್ಲಿ ಹಿಡಿದ ಅಧಿಕಾರಿಗೆ ವರ್ಗವಾಗಿರುತ್ತದೆ. ಸಾಕ್ಷಿ ಪ್ರತಿಕೂಲನಾಗುತ್ತಾನೆ. ದುಡ್ಡಿದ್ದವನಿಗೆ ವಾಯಿದೆ ಲಾಭ. ಇಲ್ಲದವನಿಗೆ ವಾಯಿದೆಯೇ ಶಿಕ್ಷೆ. ನಮ್ಮ ಹುಡುಗ ತಪ್ಪಿತಸ್ಥನೆಂದು ತೀರ್ಪಾಗುವ ಮೊದಲೇ ಕೆಲಸ ಹೋಯಿತು, ಬೈಕು ಹೋಯಿತು.

ಹಾಗಾದರೆ ದೊಡ್ಡವರನ್ನು ಕೋರ್ಟಿಗೆ ಎಳೆಯುವುದು ಆಗದ ಮಾತೆ? ಆಗುತ್ತದೆ. 1998ರಲ್ಲಿ ರಾಜಸ್ಥಾನದ ಜೋಧಪುರದ ಬಳಿ ಕೃಷ್ಣಮೃಗಗಳನ್ನು ಕೊಂದರೆಂದು ದೇಶಕ್ಕೆಲ್ಲ ಗೊತ್ತಿರುವ ಚಿತ್ರನಟರೊಬ್ಬರ ಮೇಲೆ ಮೊಕದ್ದಮೆಯಾಯಿತು. ಸಾಕ್ಷಿ ಹೇಳಿದವರು ಬಿಷ್ಣೋಯಿ ಹಳ್ಳಿಗರು, ಹೊಲ ಉಳುವ ಜನ. ಇಪ್ಪತ್ತು ವರ್ಷ ಅವರು ಹೆದರಲಿಲ್ಲ, ಹಿಂದೆಗೆಯಲಿಲ್ಲ. 2018ರ ಏಪ್ರಿಲ್ 5ರಂದು ಜೋಧಪುರದ ನ್ಯಾಯಾಲಯ ಆ ನಟನಿಗೆ ಐದು ವರ್ಷ ಸಜೆ ವಿಧಿಸಿತು. ಎರಡು ದಿನಗಳಲ್ಲಿ ಜಾಮೀನು ಸಿಕ್ಕಿತು, ಮೇಲ್ಮನವಿಯೂ ಆಯಿತು. ಜೊತೆಯ ಆರೋಪಿಗಳು ಖುಲಾಸೆಯಾದರು. ಅದು ಪೂರ್ಣ ಗೆಲುವೆಂದು ನಾನು ಹೇಳುವುದಿಲ್ಲ. ಆದರೆ ಸಾಕ್ಷಿಗಳು ಗಟ್ಟಿಯಾಗಿ ನಿಂತರೆ ಎಂಥವರೂ ಕಟಕಟೆ ಹತ್ತಬೇಕಾಗುತ್ತದೆಂದು ಅದು ತೋರಿಸಿತು.

ಈಗ ಕೆಲವು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು.

"ಕಾಡುಹಂದಿ ನಮ್ಮ ಬೆಳೆ ತಿನ್ನುತ್ತದೆ, ನಾವು ಅದನ್ನು ತಿಂದರೆ ತಪ್ಪೇನು?" ಎಂದು ರೈತರ ಮನೆಯವರು ಕೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಜೋಳದ ಹೊಲ ನೆಲಸಮವಾಗುವುದನ್ನು ನಾನೇ ನೋಡಿದ್ದೇನೆ. ಬೆಳೆಹಾನಿಗೆ ಪರಿಹಾರ ಸಕಾಲದಲ್ಲಿ, ಸರಿಯಾದ ಲೆಕ್ಕದಲ್ಲಿ ಸಿಗಬೇಕೆಂದು ಹೋರಾಡೋಣ, ಅದರಲ್ಲಿ ನಾನು ಮುಂದೆ ಇರುತ್ತೇನೆ. ಬೆಳೆಗೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಲು ಅಪ್ಪಣೆ ಕೊಡುವ ದಾರಿಯೂ ಕಾಯಿದೆಯ 11ನೆಯ ಕಲಮಿನಲ್ಲಿದೆ. ಆದರೆ ಬೆಳೆಯ ಹೆಸರು ಹೇಳಿ ಹಾಕಿದ ಉರುಳಿಗೆ ಹಂದಿಯೊಂದೇ ಬೀಳುವುದಿಲ್ಲ. ಚಿರತೆ ಬಿದ್ದು ಸೊಂಟ ಕತ್ತರಿಸಿಕೊಂಡು ಸಾಯುತ್ತದೆ, ನಮ್ಮದೇ ನಾಯಿ ದನಗಳೂ ಬೀಳುತ್ತವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಹಂದಿಗೆಂದು ಹಣ್ಣಿನಲ್ಲಿ ಅಡಗಿಸಿದ್ದ ಸಿಡಿಮದ್ದನ್ನು ಕಚ್ಚಿ ಗಬ್ಬದ ಆನೆಯೊಂದು ಬಾಯಿ ಸಿಡಿದು, ನದಿಯ ನೀರಿನಲ್ಲಿ ನಿಂತು ಸತ್ತಿತು. ಅಲ್ಲದೆ ಹಂದಿಯ ಬಾಡು ಐವತ್ತು ಮೈಲಿ ದೂರದ ರೆಸಾರ್ಟಿಗೆ ಚೀಲದಲ್ಲಿ ಹೋಗುವಾಗ ಅದಕ್ಕೂ ನಮ್ಮ ಜೋಳಕ್ಕೂ ಏನು ಸಂಬಂಧ?

"ಕಾಡಿನ ಜನ ಹಿಂದಿನಿಂದ ಬೇಟೆಯಾಡಿದವರಲ್ಲವೆ? ಅವರಿಗೆ ಇದು ಅನ್ಯಾಯವಲ್ಲವೆ?" ಇದು ಭಾರವಾದ ಪ್ರಶ್ನೆ. ಅರಮನೆಯವರೂ ದೊರೆಗಳೂ ಷಿಕಾರಿ ಮಾಡಿದ್ದು ಶೌರ್ಯವಾಯಿತು. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಜೇನುಕುರುಬರು, ಹಕ್ಕಿಪಿಕ್ಕಿಯವರು ಹೊಟ್ಟೆಗೆ ಹಿಡಿದದ್ದು ಕಳ್ಳತನವಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ಅವರಿಗೆ ಭೂಮಿಯ, ಕಿರು ಉತ್ಪನ್ನದ ಹಕ್ಕು ಕೊಟ್ಟಿತು, ಬೇಟೆಯ ಹಕ್ಕನ್ನು ಮಾತ್ರ ಹೊರಗಿಟ್ಟಿತು. ಭೂಮಿಯನ್ನೂ ಕೆಲಸವನ್ನೂ ಕೊಡದೆ ಬರೇ ಕೇಸು ಹಾಕುತ್ತ ಹೋಗುವುದು ನ್ಯಾಯವಲ್ಲವೆಂದು ನಾನು ಈ ವೇದಿಕೆಯಿಂದಲೇ ಹೇಳುತ್ತೇನೆ. ಆದರೆ ಇಂದಿನ ಕಳ್ಳ ವ್ಯಾಪಾರ ಅವರ ಹೊಟ್ಟೆಯ ಮಾತಲ್ಲ. ಅವರ ಕಾಡಿನ ತಿಳುವಳಿಕೆಯನ್ನು ಪುಡಿಗಾಸಿಗೆ ಕೊಂಡು ಪಟ್ಟಣದವರ ನಾಲಗೆಯ ಚಪಲಕ್ಕೆ ಮಾರುವ ದಲ್ಲಾಳಿತನ. ಕಾಡು ಬರಿದಾದರೆ ಮೊದಲು ಕೆಡುವವರೂ ಅವರೇ.

"ಒಂದು ಕಡವೆ ಹೋದರೆ ಕಾಡಿಗೇನು ನಷ್ಟ?" ಎಂಬುದು ಕೊನೆಯ ಮಾತು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಹಿಂಡು ಕರಗದೆ ಅಷ್ಟು ಸಿಗಬೇಕಾದರೆ ಆ ಕಾಡಿನಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಟಿಗಳು ಇರಬೇಕೆಂದು ನಾಗರಹೊಳೆಯಲ್ಲಿ ದುಡಿದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗಿರಣಿಯ ಲೆಕ್ಕದಲ್ಲೇ ಹೇಳುವುದಾದರೆ, ಬಡ್ಡಿ ತಿನ್ನುವವನಿಗೆ ಅಸಲು ಉಳಿಯುತ್ತದೆ; ಅಸಲಿಗೇ ಕೈ ಹಾಕಿದವನಿಗೆ ಎರಡೂ ಇಲ್ಲ. ಗುಂಡಿಗೆ ಬಸುರಿ, ಮರಿ ಎಂಬ ಭೇದವಿಲ್ಲ. ಬೇಟೆಯ ಪ್ರಾಣಿ ಮುಗಿದ ಕಾಡಿನ ಹುಲಿ ಚಿರತೆಗಳು ಕೊಟ್ಟಿಗೆಗೆ ಬರುತ್ತವೆ. ಬರುವುದು ರೆಸಾರ್ಟಿನ ಮಾಲೀಕನ ಕೊಟ್ಟಿಗೆಗಲ್ಲ, ಬಡವನ ಕೊಟ್ಟಿಗೆಗೆ.

ಹೀಗಿರುವಲ್ಲಿ ನಾವು ಮಾಡಬೇಕಾದುದೇನು?

ಗಿರಣಿಯ ಸಂಗಾತಿಗಳೆ, ಕೆಲಸವಿಲ್ಲದ ವಾರದಲ್ಲಿ ಯಾರಾದರೂ ಚೀಲ ಕೊಟ್ಟು ದುಡ್ಡು ತೋರಿಸಿದರೆ ಒಳಗೇನಿದೆ ಎಂದು ಕೇಳಿ. ಹೇಳದಿದ್ದರೆ ಮುಟ್ಟಬೇಡಿ. 57ನೆಯ ಕಲಂ ಪ್ರಕಾರ ಮಾಂಸ ನಿಮ್ಮ ವಶದಲ್ಲಿತ್ತೆಂದು ರುಜುವಾತಾದರೆ, ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. "ನನಗೆ ಗೊತ್ತಿರಲಿಲ್ಲ" ಎಂಬ ಒಂದು ಮಾತು ನಿಮ್ಮನ್ನು ಉಳಿಸುವುದಿಲ್ಲ.

ಹೋಟೆಲಿನ ಬಂಧುಗಳೆ, "ಸ್ಪೆಷಲ್ ಇದೆಯೆ?" ಎಂದು ಕಣ್ಣು ಮಿಟುಕಿಸುವ ಗಿರಾಕಿಗೆ ಇಲ್ಲವೆನ್ನಿ. ಆ ಮಾಂಸಕ್ಕೆ ಪುರಸಭೆಯ ಮುದ್ರೆಯಿಲ್ಲ, ಪಶುವೈದ್ಯರ ತಪಾಸಣೆಯಿಲ್ಲ. ಪ್ರಾಣಿ ಗುಂಡಿನಿಂದ ಸತ್ತಿತೋ ವಿಷದಿಂದಲೋ ರೋಗದಿಂದಲೋ ನಿಮಗೂ ಗೊತ್ತಿಲ್ಲ. ಒಂದು ದಿನದ ಲಾಭಕ್ಕೆ ಜೀವಮಾನದ ಅಂಗಡಿಯನ್ನು ಒತ್ತೆ ಇಡಬೇಡಿ. ಒಬ್ಬ ಹೋಟೆಲಿನವನು ಇಲ್ಲವೆಂದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ, ಅದು ನಿಜ. ಆದುದರಿಂದ ವರ್ತಕರ ಸಂಘದವರೆಲ್ಲ ಕೂಡಿ ಒಂದೇ ದಿನ ನಿರ್ಣಯ ಮಾಡಬೇಕು.

ಪಂಚರಾಗಿ ಸಹಿ ಹಾಕಿದವರು ಕೋರ್ಟಿಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಬೇಕು. ಆ ದಿನದ ಕೂಲಿಯ ನಷ್ಟವನ್ನು ಸಂಘದ ನಿಧಿಯಿಂದ ತುಂಬಿಕೊಡಬೇಕೆಂದು ನಾನು ಸೂಚಿಸುತ್ತೇನೆ. ಅಧಿಕಾರಿಗಳು ಕಣ್ಣು ಮುಚ್ಚಿಕೊಂಡರೆ ಸಾಮಾನ್ಯ ಮನುಷ್ಯನೂ ಮೊದಲೇ ನೋಟೀಸು ಕೊಟ್ಟು, ಗಡುವು ಕಳೆದ ಮೇಲೆ ತಾನೇ ಕೋರ್ಟಿಗೆ ಫಿರ್ಯಾದು ಹೋಗಬಹುದೆಂದು 55ನೆಯ ಕಲಂ ಹೇಳುತ್ತದೆ. ಈ ಬಾಗಿಲು ಇರುವುದು ಬಹಳ ಜನರಿಗೆ ತಿಳಿಯದು. ಬೇಕಾದರೆ ನಾವು ಅದನ್ನು ತಟ್ಟೋಣ.

ಅರಣ್ಯ ಇಲಾಖೆಯವರಲ್ಲಿಯೂ ಒಂದು ಮಾತು. ರಾತ್ರಿ ಗಸ್ತು ತಿರುಗುವ ನಿಮ್ಮ ಗಾರ್ಡುಗಳೂ ವಾಚರುಗಳೂ ನಮ್ಮಂತೆಯೇ ಕೂಲಿಯ ಜನ. ಅವರ ಮೇಲೆ ನಮಗೆ ಹಗೆಯಿಲ್ಲ. ಚೀಲ ಹಿಡಿದ ದಿನ ನಿಮ್ಮ ಕೆಲಸ ಮುಗಿಯಿತೆಂದು ಫೋಟೋ ತೆಗೆಸಿಕೊಳ್ಳಬೇಡಿ. ಅದು ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿ, ಆ ಮನೆಯ ಬಾಗಿಲನ್ನೂ ತಟ್ಟಿ.

ಕೊನೆಗೆ ಆ ತಾಯಿಯ ಮಾತು. ಆಕೆಗೆ ನಾನು ಹೀಗೆಂದೆ: "ಅಮ್ಮಾ, ನಿಮ್ಮ ಮಗ ತಪ್ಪು ಮಾಡಿಲ್ಲವೆಂದು ನಾನು ಹೇಳಲಾರೆ. ಅದು ಕಾಡಿನ ಬಾಡೆಂದು ಅವನಿಗೆ ತಿಳಿದಿತ್ತು. ವಕೀಲರನ್ನು ಇಡುತ್ತೇವೆ, ಜಾಮೀನಿಗೆ ನಾನೇ ನಿಲ್ಲುತ್ತೇನೆ. ಆದರೆ ಚೀಲ ಕೊಟ್ಟವನ ಹೆಸರನ್ನು ಅವನು ವಕೀಲರ ಮುಂದೆ ಮುಚ್ಚಿಡಬಾರದು." ಆಕೆ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ಹೆಸರು ಹೇಳಿದರೆ ನಾಳೆ ಊರಲ್ಲಿ ನಮ್ಮನ್ನು ಬಿಡುತ್ತಾರೆಯೆ ಮೇಷ್ಟ್ರೇ?" ಎಂದು ಕೇಳಿದರು.

ಮಿತ್ರರೆ, ಈ ಪ್ರಶ್ನೆಗೆ ನಾನೊಬ್ಬ ಉತ್ತರ ಹೇಳಿದರೆ ಸಾಲದು. ಆ ಹುಡುಗ ಹೆಸರು ಹೇಳಿದ ಮಾರನೆಯ ದಿನ ಅವನ ಮನೆಯ ಮುಂದೆ ಯಾರು ನಿಲ್ಲುತ್ತಾರೆ, ದಲ್ಲಾಳಿಯ ಕಡೆಯವರೋ ನಾವೋ? ಅದನ್ನು ಈ ಸಭೆ ತೀರ್ಮಾನಿಸಬೇಕು. ನಾವು ನಿಲ್ಲುತ್ತೇವೆ ಎನ್ನುವವರು ಹೊರಗೆ ಹೋಗುವಾಗ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಿ. ಮೊದಲ ಸಾಲಿನಲ್ಲಿ ನನ್ನ ಹೆಸರನ್ನು ಆಗಲೇ ಬರೆದಿದ್ದೇನೆ.